ಲೀಟರಿಗೆ ಎಂಟು ರೂಪಾಯಿ ಜಾಸ್ತಿ ಕೊಟ್ಟು ಪ್ರೀಮಿಯಂ ಪೆಟ್ರೋಲ್ ಹಾಕಿಸ್ಬೇಕಾ?

ಕುವೆಂಪುನಗರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿಂದ ಮಂಡ್ಯಕ್ಕೆ ದಿನಾ ಕಾರಲ್ಲಿ ಓಡಾಡೋನು. ಹೋಗಿ ಬರೋದು ಸೇರಿ ಹತ್ತಿರ ಹತ್ತಿರ 90 ಕಿಲೋಮೀಟರ್. 2019ರ ಚಿಕ್ಕ ಹ್ಯಾಚ್‌ಬ್ಯಾಕ್, ಟರ್ಬೊ ಗಿರ್ಬೊ ಏನಿಲ್ಲ. ಮೊದಲು ಲೀಟರಿಗೆ 17 ಕೊಡ್ತಿದ್ದ ಗಾಡಿ ಈಗ 16ಕ್ಕೆ ಬಂದು ಕೂತಿದೆ.

ನಾನು ಹಾಕಿಸೋ ಬಂಕಲ್ಲಿ ಒಬ್ಬ ಹುಡುಗ ಇದಾನೆ. ಕಾರು ನಿಲ್ಲಿಸೋದೇ ತಡ, ‘ಪ್ರೀಮಿಯಂ ಹಾಕ್ಲಾ ಸಾರ್? ಮೈಲೇಜ್ ಬರುತ್ತೆ’ ಅಂತಾನೆ. ಬೇಡಪ್ಪ ಅಂದ್ರೆ ಅವನು ನನ್ನ ಮುಖ ನೋಡೋ ರೀತಿ ಇದೆಯಲ್ಲ, ಹಬ್ಬಕ್ಕೆ ಮಕ್ಕಳಿಗೆ ಬಟ್ಟೆ ಕೊಡಿಸದ ಅಪ್ಪನ್ನ ನೋಡಿದ ಹಾಗೆ. ಈ ಸಲ ಆಯುಧಪೂಜೆ ದಿನ ‘ಇವತ್ತಾದ್ರೂ ಹಾಕ್ಸಿ ಸಾರ್’ ಅಂದ. ಹಾಕಿಸಿಬಿಟ್ಟೆ. ಲೀಟರಿಗೆ ಎಂಟು ರೂಪಾಯಿ ಜಾಸ್ತಿ. ಗಾಡಿ ಏನೋ ಮೆತ್ತಗೆ ಓಡಿದ ಹಾಗೆ ಅನ್ನಿಸ್ತು. ಆದ್ರೆ ತೊಳೆಸಿ, ಅರಿಶಿನ ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟ ದಿನ ಯಾವ ಗಾಡಿ ತಾನೇ ಮೆತ್ತಗೆ ಓಡಲ್ಲ?

ಗೊತ್ತಿರೋರು ಹೇಳಿ. ದುಡ್ಡಿಗೆ ತಕ್ಕ ಫಲ ಇದೆಯಾ, ಇಲ್ಲ ಬರೀ ಹೆಸರಾ?

ಟರ್ಬೊ ತಮ್ಮ

ಕಣ್ಮುಚ್ಕೊಂಡು ಹಾಕ್ಸಿ ಸಾರ್. ನಾನು ಎರಡು ವರ್ಷದಿಂದ ಬೇರೆ ಮುಟ್ಟಿಲ್ಲ. ಚಾಮುಂಡಿ ಬೆಟ್ಟ ಹತ್ತೋವಾಗ ಗೊತ್ತಾಗುತ್ತೆ, ಪಿಕಪ್ಪೇ ಬೇರೆ.

ಮದ್ದೂರು ವಡೆ

ಬೆಟ್ಟ ಹತ್ತುವಾಗ ಗೊತ್ತಾಗೋದು ಹಿಂದೆ ಕೂತೋರ ತೂಕ ಕಣ್ಲಾ ತಮ್ಮ.

ಹೆಬ್ಬಾಳ ಗ್ಯಾರೇಜ್

ಮೇಷ್ಟ್ರೇ, 22 ವರ್ಷದಿಂದ ಗ್ಯಾರೇಜ್ ಇಟ್ಟಿದೀನಿ, ವಾರಕ್ಕೆ ಎರಡು ಸಲ ಈ ಪ್ರಶ್ನೆ ಬರುತ್ತೆ. ಒಂದ್ಸಲ ಬಿಡಿಸಿ ಬರೀತೀನಿ, ಇನ್ಮೇಲೆ ಕೇಳ್ದೋರಿಗೆ ಇದನ್ನೇ ತೋರಿಸ್ತೀನಿ.

ಪ್ರೀಮಿಯಂನಲ್ಲಿ ಆಕ್ಟೇನ್ ನಂಬರ್ ಜಾಸ್ತಿ ಅಂತಾರೆ. ಆದ್ರೆ ಆಕ್ಟೇನ್ ಅಂದ್ರೆ ಪವರ್ ಅಲ್ಲ. ತಡ್ಕೊಳೋ ಗುಣ. ಪಿಸ್ಟನ್ ಮೇಲಕ್ಕೆ ಬಂದು ಪೆಟ್ರೋಲು ಗಾಳಿ ಎರಡನ್ನೂ ಅದುಮಿದಾಗ ಅದು ಕಾಯುತ್ತೆ. ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಒಂದು ಕಡೆಯಿಂದ ಹರಡ್ಕೊಂಡು ಬರಬೇಕು. ಅದು ಬರೋದ್ರೊಳಗೆ ಇನ್ನೊಂದು ಮೂಲೆಯಲ್ಲಿರೋದು ತಂತಾನೇ ಹೊತ್ಕೊಂಡ್ರೆ ಅದೇ ನಾಕಿಂಗ್. ಗೇರ್ ಇಳಿಸದೆ ಏರಿ ಹತ್ತಿಸಿದಾಗ ತಗಡಿನ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಕೇಳುತ್ತಲ್ಲ, ಅದು. ಆಕ್ಟೇನ್ ಜಾಸ್ತಿ ಇದ್ದಷ್ಟೂ ಪೆಟ್ರೋಲು ಹಾಗೆ ಮುಂಚೆಯೇ ಹೊತ್ಕೊಳ್ಳಲ್ಲ. ಐಸೋ-ಆಕ್ಟೇನಿಗೆ 100, ಹೆಪ್ಟೇನಿಗೆ 0 ಅಂತ ಇಟ್ಕೊಂಡು ನಡುವೆ ಅಳೆಯೋ ನಂಬರ್ ಅದು, ಅಷ್ಟೇ. ಪ್ರೀಮಿಯಂನ 95ರಲ್ಲಿ ಮಾಮೂಲಿ 91ಕ್ಕಿಂತ ಜಾಸ್ತಿ ಶಕ್ತಿ ತುಂಬಿರುತ್ತೆ ಅಂತೇನೂ ಇಲ್ಲ.

ಜಾಸ್ತಿ ಅದುಮೋ ಇಂಜಿನ್ ಇದ್ರೆ, ಟರ್ಬೊ ಇದ್ರೆ, ಆ ಗುಣ ಬೇಕು. ನಿಮ್ಮ ಗಾಡಿಗೆ 91 ಸಾಕು ಅಂತ ಮಾಡಿದೋರೇ ಬರೆದಿರ್ತಾರೆ, ಪುಸ್ತಕ ತೆಗೆದು ನೋಡಿ. ತುಂಬಿದ ಕೊಡ ಹೊರೋರಿಗೆ ತಲೆ ಮೇಲೆ ಸಿಂಬೆ ಬೇಕು. ಚೊಂಬು ಹಿಡ್ಕೊಂಡು ಹೋಗೋರಿಗೆ ಸಿಂಬೆ ಯಾಕೆ?

ಟರ್ಬೊ ತಮ್ಮ

ಅಣ್ಣ, ನಂದು ಟರ್ಬೊನೇ. ಪೆಟ್ರೋಲ್ ಮುಚ್ಚಳದ ಒಳಗೇ 95 ಅಂತ ಅಂಟಿಸಿದಾರೆ. ನಾನೇನು ಷೋಕಿಗೆ ಹಾಕಿಸ್ತಿಲ್ಲ.

ಹೆಬ್ಬಾಳ ಗ್ಯಾರೇಜ್

ನಿನಗೆ ಬೇಕಪ್ಪ, ಯಾರು ಬೇಡ ಅಂದ್ರು? ಕಮ್ಮಿ ಆಕ್ಟೇನ್ ಹಾಕಿದ್ರೂ ನಿನ್ನ ಇಂಜಿನ್ ತಕ್ಷಣ ಕೆಡಲ್ಲ. ನಾಕ್ ಸೆನ್ಸರ್ ಸದ್ದು ಹಿಡಿದು ಕಿಡಿ ಕೊಡೋದನ್ನ ಒಂಚೂರು ತಡ ಮಾಡಿಸುತ್ತೆ. ಗಾಡಿ ಸ್ವಲ್ಪ ಮಂಕಾಗುತ್ತೆ, ಒಂಚೂರು ಜಾಸ್ತಿ ಕುಡಿಯುತ್ತೆ. ಆದ್ದರಿಂದ ನಿನಗೆ ಬೆಟ್ಟದಲ್ಲಿ ವ್ಯತ್ಯಾಸ ಗೊತ್ತಾಗೋದು ಸುಳ್ಳಲ್ಲ. ಮೇಷ್ಟ್ರ ಗಾಡಿಗೆ ಅದನ್ನ ಅಂಟಿಸಬೇಡ.

ಬಂಕಿನ ಒಳಗಿದ್ದವ

ಒಂದೈದು ವರ್ಷ ಬಂಕಲ್ಲಿ ಮ್ಯಾನೇಜರ್ ಕೆಲಸ ಮಾಡಿದ್ದೆ, ಈಗ ಬಿಟ್ಟಿದೀನಿ. ನೀವಿಬ್ಬರೂ ಹಳೇ ಲೆಕ್ಕ ಹಿಡ್ಕೊಂಡು ಜಗಳ ಆಡ್ತಿದೀರ.

91, 95 ಅನ್ನೋ ಅಂತರ ಇದ್ದದ್ದು ಪೆಟ್ರೋಲಿಗೆ ಬೆರೆಸೋ ಎಥೆನಾಲ್, ಅಂದ್ರೆ ಮದ್ಯಸಾರ, ಕಮ್ಮಿ ಇದ್ದಾಗ. ಎಥೆನಾಲ್‌ನ ಆಕ್ಟೇನ್ 108 ದಾಟುತ್ತೆ. ಅದನ್ನ ಶೇಕಡ 20 ಬೆರೆಸಿದ್ರೆ ಮಾಮೂಲಿ ಪೆಟ್ರೋಲೇ ಮೇಲೇರುತ್ತೆ. 2025ರ ಆಗಸ್ಟಲ್ಲಿ ಪೆಟ್ರೋಲಿಯಂ ಸಚಿವಾಲಯ ಇ20 ಬಗ್ಗೆ ವಿವರಣೆ ಕೊಟ್ಟಾಗ ಅದನ್ನೇ ಹೇಳ್ತು: ಒಂದು ಕಾಲಕ್ಕೆ 88 ಇತ್ತು, ಆಮೇಲೆ 91 ಆಯ್ತು, ಈಗ 20 ಪರ್ಸೆಂಟ್ ಎಥೆನಾಲ್ ಸೇರಿ ಮಾಮೂಲಿ ಪೆಟ್ರೋಲೇ 95. ಹಾಗಿದ್ಮೇಲೆ 95 ಅಂತ ಹೆಸರಿಟ್ಟು ಎಂಟು ರೂಪಾಯಿ ಜಾಸ್ತಿ ತಗೊಳೋದ್ರಲ್ಲಿ ಏನು ಉಳೀತು? ಇಂಜಿನ್ ತೊಳೆಯೋಕೆ ಬೆರೆಸೋ ಅಡಿಟಿವ್ ಮಾತ್ರ.

ಇನ್ನೊಂದು. ಪ್ರೀಮಿಯಂನಲ್ಲಿ ಎಥೆನಾಲ್ ಇರಲ್ಲ ಅಂತ ಜನ ನಂಬಿದಾರೆ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ95 ಇರಲಿ, ಎಚ್‌ಪಿಯ ಪವರ್95 ಇರಲಿ, ಅವಕ್ಕೂ ಎಥೆನಾಲ್ ಬೆರೆಸ್ತಾರೆ. ಎಥೆನಾಲ್ ಇಲ್ಲ ಅಂತ ಹೇಳಿ ಮಾರೋದು ಎಕ್ಸ್‌ಪಿ100. ಅದು 2020ರ ಡಿಸೆಂಬರಲ್ಲಿ ಬಂದಾಗ ದೆಹಲಿಯಲ್ಲೇ ಲೀಟರಿಗೆ 160 ರೂಪಾಯಿ ಇತ್ತು, ಅದೂ ಮಥುರಾ ರಿಫೈನರಿಯಿಂದ ದೊಡ್ಡ ಊರುಗಳ ಆಯ್ದ ಬಂಕಿಗೆ ಮಾತ್ರ. ದಿನಾ ಮಂಡ್ಯಕ್ಕೆ ಹೋಗೋ ಮೇಷ್ಟ್ರಿಗೆ ಆ ಮಾತೇ ಬೇಡ.

ಟರ್ಬೊ ತಮ್ಮ

ಒಂದ್ನಿಮಿಷ. ಹಾಗಾದ್ರೆ ನಾನು ಎರಡು ವರ್ಷದಿಂದ ಕೊಟ್ಟಿದ್ದು?

ಮದ್ದೂರು ವಡೆ

ದಾಸೋಹಕ್ಕೆ ಅನ್ಕೊ.

ಬಂಕಿನ ಒಳಗಿದ್ದವ

ಪೂರ್ತಿ ದಂಡ ಅಲ್ಲಪ್ಪ. ಅಡಿಟಿವ್ ಅಂದ್ರೆ ಸೋಪಿನ ಥರದ್ದು. ಇಂಜೆಕ್ಟರ್ ತುದಿಯಲ್ಲಿ, ಇನ್‌ಟೇಕ್ ವಾಲ್ವ್ ಮೇಲೆ ಕೂರೋ ಮಸಿ ಜಿಡ್ಡನ್ನ ಬಿಡಿಸುತ್ತೆ. ಕೆಲಸ ಮಾಡುತ್ತೆ, ಆದ್ರೆ ಒಂದು ಟ್ಯಾಂಕಿಗೆ ಅಲ್ಲ, ಸತತ ಹಾಕಿಸಿದ್ರೆ. ನಿನ್ನ ಗಾಡಿ ಡೈರೆಕ್ಟ್ ಇಂಜೆಕ್ಷನ್ ಆಗಿದ್ರೆ ಪೆಟ್ರೋಲು ನೇರ ಸಿಲಿಂಡರಿಗೇ ಬೀಳೋದ್ರಿಂದ ಇನ್‌ಟೇಕ್ ವಾಲ್ವಿಗೆ ಆ ಸೋಪು ಸೋಕೋದೇ ಇಲ್ಲ. ಇಂಜೆಕ್ಟರ್ ಮಾತ್ರ ತೊಳೆದುಕೊಳ್ಳುತ್ತೆ.

ಹೆಬ್ಬಾಳ ಗ್ಯಾರೇಜ್

ಸರಿ ಇದೆ. 95ರ ವಿಷಯ ನಾನೂ ಹಳೇ ನಂಬರಲ್ಲೇ ಇದ್ದೆ, ಒಪ್ಕೋತೀನಿ. ಆದ್ರೂ ಚೊಂಬಿಗೆ ಸಿಂಬೆ ಬೇಡ ಅನ್ನೋದು ನಿಂತಿದೆ.

ಲೆಕ್ಕದ ಅಕ್ಕ

ಮಾತು ಬಹಳ ಆಯ್ತು, ನನ್ನ ಡೈರಿ ತೆಗೀತೀನಿ. 125 ಸಿಸಿ ಸ್ಕೂಟರ್. ಬೋಗಾದಿಯಿಂದ ಮೇಟಗಳ್ಳಿಗೆ ಹೋಗಿ ಬರೋದು, ರಿಂಗ್ ರೋಡಲ್ಲೇ. ಮೂರು ತಿಂಗಳು ಪ್ರೀಮಿಯಂ, ಮೂರು ತಿಂಗಳು ಮಾಮೂಲಿ. ಅದೇ ಬಂಕು, ಅದೇ ಮೆಷಿನ್ನು, ಪ್ರತಿ ಸಲ ಮೊದಲನೇ ಸಲ ಕಟ್ ಆದ ತಕ್ಷಣ ನಿಲ್ಲಿಸಿಸಿದ್ದು. ಬಾಯಿವರೆಗೂ ಸುರಿಸ್ಕೊಂಡ್ರೆ ಲೆಕ್ಕ ಕೆಡುತ್ತೆ.

ಮಾಮೂಲಿ: 46.8. ಪ್ರೀಮಿಯಂ: 47.3.

ನೂರೆರಡು ಚಿಲ್ಲರೆ ರೂಪಾಯಿ ಮೇಲೆ ಎಂಟು ಜಾಸ್ತಿ ಅಂದ್ರೆ ಹೆಚ್ಚುಕಮ್ಮಿ ಶೇಕಡ 8. ಹಾಕಿದ ದುಡ್ಡು ವಾಪಸ್ ಬರಬೇಕಾದ್ರೆ ಮೈಲೇಜ್ ಐವತ್ತು ದಾಟಬೇಕಿತ್ತು. ಸಿಕ್ಕಿದ ಅರ್ಧ ಕಿಲೋಮೀಟರು ಹಿಂದೆ ಕೂರೋ ನಮ್ಮೆಜಮಾನರು ರಾತ್ರಿ ಊಟ ಬಿಟ್ಟಿದ್ದಕ್ಕೂ ಬಂದಿರಬಹುದು.

ಆ ಎಂಟು ರೂಪಾಯಿ ಎಲ್ಲಿಗೆ ಹೋಗುತ್ತೆ ಅಂತಲೂ ಕೂತು ನೋಡಿದೆ. ಬ್ರಾಂಡ್ ಹೆಸರಿರೋ ಪೆಟ್ರೋಲಿಗೆ ಕೇಂದ್ರದ ಮೂಲ ಅಬಕಾರಿ ಸುಂಕ 2 ರೂಪಾಯಿ 60 ಪೈಸೆ, ಮಾಮೂಲಿಗೆ 1 ರೂಪಾಯಿ 40 ಪೈಸೆ. ಅಲ್ಲೇ ಒಂದೂಕಾಲಿಗೆ ಐದು ಪೈಸೆ ಕಮ್ಮಿ. ಅದರ ಮೇಲೆ ರಾಜ್ಯದ ಮಾರಾಟ ತೆರಿಗೆ. 2024ರ ಜೂನಲ್ಲಿ 25.92ರಿಂದ 29.84 ಪರ್ಸೆಂಟಿಗೆ ಏರಿಸಿದ್ರಲ್ಲ, ಒಂದೇ ದಿನಕ್ಕೆ ಮೂರು ರೂಪಾಯಿ ಜಾಸ್ತಿ ಆಗಿದ್ದು, ಅದು. ಬೆಲೆ ಏರಿದಷ್ಟೂ ಅದೂ ಏರುತ್ತೆ. ಒಟ್ಟು ಎಂಟರಲ್ಲಿ ಮೂರು ರೂಪಾಯಿ ತೆರಿಗೆಗೇ ಹೋಯ್ತು. ನಿಮ್ಮ ಇಂಜಿನ್ ತೊಳೆಯೋಕೆ ಉಳಿದದ್ದು ಐದು, ಅದರಲ್ಲೂ ಕಂಪನಿ, ಬಂಕು ಇಬ್ಬರಿಗೂ ಪಾಲಿದೆ.

ಮೇಷ್ಟ್ರಿಗೆ: ತಿಂಗಳಿಗೆ 22 ದಿನ, 1,980 ಕಿಲೋಮೀಟರ್, 16ರ ಲೆಕ್ಕದಲ್ಲಿ 124 ಲೀಟರ್. ಎಂಟರಂತೆ ಸಾವಿರಕ್ಕೆ ಹತ್ತು ರೂಪಾಯಿ ಕಮ್ಮಿ. ವರ್ಷಕ್ಕೆ ಹನ್ನೆರಡು ಸಾವಿರ.

ಕುವೆಂಪುನಗರದ ಮೇಷ್ಟ್ರು

ಹನ್ನೆರಡು ಸಾವಿರವಾ! ಮನೇಲಿ ಇದನ್ನ ಯಾರೂ ಓದದಿದ್ರೆ ಸಾಕು.

ರೋಡ್‌ಕಿಂಗ್ ಯಾದವಗಿರಿ

ನಮ್ಮ ಕಷ್ಟ ಬೇರೆ. ನನ್ನ ಹತ್ತಿರ ಯೆಜ್ಡಿ ಬೈಕ್ ಇದೆ, ನಮ್ಮೂರಲ್ಲೇ, ಯಾದವಗಿರಿ ಫ್ಯಾಕ್ಟರಿಯಲ್ಲೇ ಹುಟ್ಟಿದ್ದು. ಫ್ಯಾಕ್ಟರಿ 1996ರಲ್ಲಿ ಬಾಗಿಲು ಹಾಕಿತು, ಗಾಡಿ ಇನ್ನೂ ಓಡ್ತಿದೆ. ಸೀಸ ಬೆರೆಸಿದ ಪೆಟ್ರೋಲ್ ಕುಡಿದು ಬೆಳೆದ ಗಾಡಿ ಅದು. 2000ದಲ್ಲಿ ದೇಶದ ತುಂಬ ಸೀಸ ಇಲ್ಲದ ಪೆಟ್ರೋಲ್ ಬಂದಾಗಲೂ ‘ಇನ್ನು ಮುಗೀತು’ ಅಂದಿದ್ರು. ಮುಗೀಲಿಲ್ಲ.

ಎಥೆನಾಲ್ ಮಾತ್ರ ಕಾಟ ಕೊಟ್ಟಿದೆ. ಆಕ್ಟೇನ್ ಕಾಟ ಅಲ್ಲ, ರಬ್ಬರ್ ಕಾಟ. ಹಳೇ ಪೈಪು ಉಬ್ಬಿ ಹುಗ್ಗಿ ಆಯ್ತು, ಕಾಕ್ ವಾಷರ್ ಪುಡಿಪುಡಿ. ಪ್ರೀಮಿಯಂ ಹಾಕಿಸಿದ್ರೆ ತಪ್ಪುತ್ತೆ ಅಂತ ನಾನೂ ನಂಬಿ ಒಂದು ವರ್ಷ ಹಾಕಿಸಿದೆ. ಮೇಲೆ ಹೇಳಿದಾರಲ್ಲ, ಅದರಲ್ಲೂ ಅದೇ ಎಥೆನಾಲ್. ದುಡ್ಡೂ ಹೋಯ್ತು, ಪೈಪೂ ಹೋಯ್ತು.

ಕೊನೆಗೆ ಕೆಲಸಕ್ಕೆ ಬಂದಿದ್ದು: ಎಥೆನಾಲ್ ತಡ್ಕೊಳೋ ವೈಟಾನ್ ಪೈಪು, ಹೊಸ ವಾಷರು, ಮತ್ತೆ ವಾರಗಟ್ಟಲೆ ಗಾಡಿ ತೆಗೆಯಲ್ಲ ಅಂದ್ರೆ ಕಾಕ್ ಮುಚ್ಚಿ ಕಾರ್ಬುರೇಟರಲ್ಲಿರೋದನ್ನ ಉರಿಸಿ ಖಾಲಿ ಮಾಡಿ ನಿಲ್ಲಿಸೋದು. ಎಲ್ಲಾ ಸೇರಿ ಆರುನೂರು ರೂಪಾಯಿ ಒಳಗೆ ಮುಗೀತು.

ಲೀಡ್ಸಲ್ಲಿರೋ ಮಂಡ್ಯದವ

ಇಲ್ಲಿ ಇಂಗ್ಲೆಂಡಲ್ಲಿ ಇದೇ ಜಗಳ ಬೇರೆ ವೇಷದಲ್ಲಿ ನಡೀತಿರುತ್ತೆ. ಟೆಸ್ಕೊ, ಆಸ್ಡಾ ಥರದ ಸೂಪರ್‌ಮಾರ್ಕೆಟ್‌ಗಳೇ ಬಂಕ್ ಇಟ್ಟಿವೆ. ತರಕಾರಿ ತಗೊಂಡು ಆಚೆ ಬಂದು ಪೆಟ್ರೋಲ್ ಹಾಕಿಸ್ಕೊಂಡು ಹೋಗೋದು, ಬ್ರಾಂಡ್ ಬಂಕಿಗಿಂತ ಕೆಲವು ಪೆನ್ಸ್ ಅಗ್ಗ. ‘ಸೂಪರ್‌ಮಾರ್ಕೆಟ್ ಪೆಟ್ರೋಲ್ ಇಂಜಿನ್ ಹಾಳು ಮಾಡುತ್ತೆ’ ಅನ್ನೋರು ಇಲ್ಲೂ ಬೇಕಾದಷ್ಟು ಜನ. ಮೂಲ ಪೆಟ್ರೋಲ್ ಎಲ್ಲರದ್ದೂ ಒಂದೇ ಮಾನಕಕ್ಕೆ ಬರಬೇಕು, ಇಎನ್ 228 ಅಂತ. ವ್ಯತ್ಯಾಸ ಇರೋದು ಮೇಲೆ ಹಾಕೋ ಅಡಿಟಿವ್‌ನಲ್ಲಿ.

ಆದ್ರೆ ಇಲ್ಲಿ ದುಬಾರಿ ಪೆಟ್ರೋಲಿಗೆ ಒಂದು ನಿಜವಾದ ಕಾರಣ ಇದೆ. 2021ರ ಸೆಪ್ಟೆಂಬರಿಂದ ಮಾಮೂಲಿ ಪೆಟ್ರೋಲ್ ಇ10 (ಎಥೆನಾಲ್ ಶೇಕಡ 10ರವರೆಗೆ) ಆಯ್ತು, 97 ಮೇಲಿನ ಸೂಪರ್ ಮಾತ್ರ ಇ5 ಆಗಿ ಉಳೀತು. ಹಳೇ ಕಾರಿನವರು ಅದಕ್ಕೇ ಸೂಪರ್ ಹುಡುಕ್ಕೊಂಡು ಹೋಗ್ತಾರೆ, ಟೆಸ್ಕೊನಲ್ಲೂ 99 ಸಿಗುತ್ತೆ. ಯಾದವಗಿರಿಯವರು ನಮ್ಮೂರಲ್ಲಿ ಹುಡುಕ್ತಿರೋದು ಅಂಥ ಎಥೆನಾಲ್ ಕಮ್ಮಿ ಇರೋ ಪೆಟ್ರೋಲನ್ನೇ, ಆದ್ರೆ ಅಲ್ಲಿ ಪ್ರೀಮಿಯಂ ಬೋರ್ಡಿನ ಕೆಳಗೆ ಅದು ಇಲ್ಲ.

ಕಬ್ಬಿನ ಗದ್ದೆ

ಏನ್ ಎಲ್ರೂ ಸೇರ್ಕೊಂಡು ಎಥೆನಾಲ್ ಅಂದ್ರೆ ಯಾವ್ದೋ ಇಸ ಬೆರ್ಸವ್ರೆ ಅನ್ನಂಗೆ ಮಾತಾಡ್ತಾ ಇದ್ದೀರಿ. ನಾವು ಬೆಳ್ದ ಕಬ್ಬು ಕಣ್ರಪ್ಪ ಅದು. ಮಂಡ್ಯದಾಗೆ ಮೈಶುಗರ್ ಸಕ್ಕರೆ ಕಾರ್ಖಾನೆ ಸುರುವಾಗಿದ್ದು 1933ರಾಗೆ. ಆವಾಗಿಂದ ಗಾಣ, ಗಾಡಿ, ಕಾಕಂಬಿ ವಾಸ್ನೆ ಎಲ್ಲಾ ನಮ್ಗೆ ಗೊತ್ತು. ಆ ಕಾಕಂಬಿಯಿಂದ್ಲೂ ನಿಮ್ ಗಾಡಿಗೆ ಹಾಕದು ತೆಗಿತಾರೆ. ಸಕ್ಕರೆ ಪೂರಾ ತೆಗ್ದಾದ್ಮೇಲೆ ಉಳಿಯೋ ಕೊನೆ ಕಾಕಂಬಿದು ಲೀಟರ್‌ಗೆ 57 ರೂಪಾಯಿ 97 ಪೈಸೆ, ಕಬ್ಬಿನ ಹಾಲಿಂದ ನೇರವಾಗಿ ತೆಗುದ್ರೆ 65 ರೂಪಾಯಿ 61 ಪೈಸೆ ಅಂತ ಸರ್ಕಾರನೇ 2024-25ಕ್ಕೆ ರೇಟ್ ಕಟ್ಟಿತ್ತು.

ನಮ್ಗೆ ಬರದು? 2025-26ಕ್ಕೆ ಎಫ್‌ಆರ್‌ಪಿ, ಅಂದ್ರೆ ಕೇಂದ್ರ ಕಟ್ಟೋ ಕಬ್ಬಿನ ಕನಿಷ್ಠ ಬೆಲೆ, ಕ್ವಿಂಟಲ್‌ಗೆ 355 ರೂಪಾಯಿ, ಅದೂ ಸಕ್ಕರೆ ಇಳುವರಿ 10.25 ಪರ್ಸೆಂಟ್ ಇದ್ರೆ. ಕಡಿಯೋರ ಕೂಲಿ, ಸಾಗಾಣಿಕೆ ಕಳುದ್ಮೇಲೆ ಎಷ್ಟು ಉಳಿತದೆ ಅಂತ ಮಂಡ್ಯದಾಗೆ ಯಾರ್ನ ಬೇಕಾರೂ ಕೇಳಿ. ಮೇಷ್ಟ್ರ ಮೈಲೇಜ್ ಒಂದ್ ಕಿಲೋಮೀಟ್ರು ಬಿದ್ದದ್ದಕ್ಕೆ ಕಬ್ಬನ್ನ ಬೈಬ್ಯಾಡಿ.

ಲೆಕ್ಕದ ಅಕ್ಕ

ಅಣ್ಣ, ಬೆಳೆದೋರನ್ನ ಯಾರೂ ಬೈದಿಲ್ಲ. ನಿಮಗೂ ಕಮ್ಮಿ, ನಮಗೂ ಜಾಸ್ತಿ, ಅದು ನಮ್ಮಿಬ್ಬರ ದೂರು. ಆದ್ರೆ ಎಥೆನಾಲ್‌ನಲ್ಲಿ ಶಕ್ತಿ ಕಮ್ಮಿ ಅನ್ನೋದು ಬೈಗುಳ ಅಲ್ಲ, ಲೆಕ್ಕ. ಲೀಟರ್ ಪೆಟ್ರೋಲಲ್ಲಿ ಇರೋದ್ರ ಮೂರರಲ್ಲಿ ಎರಡು ಪಾಲು ಮಾತ್ರ ಲೀಟರ್ ಎಥೆನಾಲ್‌ನಲ್ಲಿ. ನೀತಿ ಆಯೋಗ 2021ರಲ್ಲಿ ಮಾಡಿದ ಇ20 ವರದಿಯಲ್ಲೇ ಇದೆ: ಇ10ಕ್ಕೆ ಹೊಂದಿಸಿದ ಹಳೇ ಕಾರಿಗೆ 6ರಿಂದ 7 ಪರ್ಸೆಂಟ್, ಟೂವೀಲರಿಗೆ 3ರಿಂದ 4 ಪರ್ಸೆಂಟ್ ಮೈಲೇಜ್ ಇಳಿಯಬಹುದು ಅಂತ.

ಕುವೆಂಪುನಗರದ ಮೇಷ್ಟ್ರು

17ರಿಂದ 16 ಅಂದ್ರೆ 6 ಪರ್ಸೆಂಟ್. ಸರಿಹೋಯ್ತು, ಕಳ್ಳ ಸಿಕ್ಕಿದ.

ಹೆಬ್ಬಾಳ ಗ್ಯಾರೇಜ್

ತಡೀರಿ ಮೇಷ್ಟ್ರೇ, ಆ 6-7 ಅನ್ನೋದು ಎಥೆನಾಲೇ ಇಲ್ಲದ ಪೆಟ್ರೋಲಿಗೆ ಹೋಲಿಸಿದ್ದು. ನಿಮ್ಮ 17ರ ಕಾಲದಲ್ಲೇ ಪೆಟ್ರೋಲಲ್ಲಿ ಸ್ವಲ್ಪ ಎಥೆನಾಲ್ ಇತ್ತು. 2022ರ ಜೂನ್ ಹೊತ್ತಿಗೆ ದೇಶದಲ್ಲಿ 10 ಪರ್ಸೆಂಟ್ ಮುಟ್ಟಿದ್ರು. 10ರಿಂದ 20ಕ್ಕೆ ಹೋದಾಗ ಬೀಳೋದು ಮೂರು ಪರ್ಸೆಂಟ್ ಆಸುಪಾಸು, ಅಂದ್ರೆ ಅರ್ಧ ಕಿಲೋಮೀಟರು. ಉಳಿದ ಅರ್ಧ ಎಲ್ಲಿ ಹೋಯ್ತು?

ಒಂದು ಪ್ರಶ್ನೆ. ನಿಮಗೆ 17 ಬರ್ತಿದ್ದು ಯಾವಾಗ, ಯಾವ ರಸ್ತೆಯಲ್ಲಿ?

ಕುವೆಂಪುನಗರದ ಮೇಷ್ಟ್ರು

ಹಳೇ ಮೈಸೂರು-ಬೆಂಗಳೂರು ರಸ್ತೆ. ಶ್ರೀರಂಗಪಟ್ಟಣದ ಮೇಲೆ. ಎಲ್ಲಾ ಕಡೆ ಟ್ರಾಫಿಕ್, ಅರವತ್ತು ಎಪ್ಪತ್ತು ದಾಟ್ತಿರಲಿಲ್ಲ.

ಹೆಬ್ಬಾಳ ಗ್ಯಾರೇಜ್

ಈಗ?

ಕುವೆಂಪುನಗರದ ಮೇಷ್ಟ್ರು

ಈಗ ಎಕ್ಸ್‌ಪ್ರೆಸ್‌ವೇ. ನೂರು.

ಓ.

ಹೆಬ್ಬಾಳ ಗ್ಯಾರೇಜ್

ಅದೇ ‘ಓ’. ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಗಿದ್ದು 2023ರ ಮಾರ್ಚ್. ಇ20 ಬಂಕಿಗೆ ಬರೋಕೆ ಶುರುವಾಗಿದ್ದೂ ಅದೇ ವರ್ಷ. ಎರಡೂ ಒಟ್ಟಿಗೆ ಬಂದದ್ದರಿಂದ ಜನ ಒಂದನ್ನೇ ಬೈತಾರೆ. ಗಾಳಿ ಹಿಡಿದು ನಿಲ್ಲಿಸೋ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಎಪ್ಪತ್ತರಲ್ಲಿ ಇದ್ದದ್ದು ನೂರರಲ್ಲಿ ಎರಡರಷ್ಟಾಗುತ್ತೆ. ಅದನ್ನ ಯಾವ ಬಾಟಲಿ ಅಡಿಟಿವ್ವೂ ಸರಿ ಮಾಡಲ್ಲ. ಗಣಂಗೂರು ಟೋಲಿಗೆ ದುಡ್ಡು ಕೊಟ್ಟು, ಗಾಳಿಗೂ ದುಡ್ಡು ಕೊಟ್ಟು, ಬಂಕಲ್ಲಿ ಪ್ರೀಮಿಯಂ ಕೇಳ್ತಿದೀರ.

ಟೈರ್ ಗಾಳಿ ಯಾವಾಗ ನೋಡಿಸಿದ್ರಿ ಅಂತ ಕೇಳಲ್ಲ. ಉತ್ತರ ಗೊತ್ತು.

ಪಾಂಡವಪುರ ಎಕ್ಸ್‌ಎಲ್

ನನ್ನ ಟಿವಿಎಸ್ ಎಕ್ಸ್‌ಎಲ್ಲಿಗೆ ಎರಡು ಮೂಟೆ ಹುಲ್ಲು ಹೇರ್ತೀನಿ. ಅದಕ್ಕೂ ಪ್ರೀಮಿಯಂ ಹಾಕಿಸ್ಕೊಳ್ಳಿ ಅಂತಾರೆ ನಮ್ಮೂರ ಬಂಕಲ್ಲಿ. ಬೆಳಿಗ್ಗೆ ತಣ್ಣಗಿದ್ದಾಗ ಹಾಕಿಸಿದ್ರೆ ಜಾಸ್ತಿ ಬರುತ್ತೆ ಅಂತ ನಮ್ಮಪ್ಪ ಹೇಳ್ತಾರೆ, ನಿಜಾನಾ?

ಬಂಕಿನ ಒಳಗಿದ್ದವ

ಟ್ಯಾಂಕ್ ಇರೋದು ನೆಲದೊಳಗೆ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿ ಬಿಸಿ ಹೆಚ್ಚುಕಮ್ಮಿ ಒಂದೇ. ನೂರು ರೂಪಾಯಿಗೆ ಬದಲು ನೂರಹತ್ತಕ್ಕೆ ಹಾಕಿ ಅಂದ್ರೆ ಮೋಸ ಆಗಲ್ಲ ಅನ್ನೋದೂ ಹಾಗೇ, ಮೆಷಿನ್ನಿಗೆ ಎರಡೂ ನಂಬರೇ.

ನೋಡಬೇಕಾದ್ದು ಬೇರೆ ಇದೆ, ಅದನ್ನ ಜನ ಕೇಳೋದೇ ಇಲ್ಲ. ಪ್ರತಿ ಬಂಕಲ್ಲೂ ಐದು ಲೀಟರಿನ ಮುದ್ರೆ ಒತ್ತಿದ ಅಳತೆ ಪಾತ್ರೆ ಇರಬೇಕು. ಅನುಮಾನ ಬಂದ್ರೆ ಅದಕ್ಕೆ ಹಿಡಿಸಿ ನೋಡಿ, 25 ಮಿಲಿಗಿಂತ ಜಾಸ್ತಿ ಕೊರತೆ ಇರಬಾರದು. ಕೊರತೆ ಇದ್ರೆ ಕಾನೂನು ಮಾಪನ ಶಾಸ್ತ್ರ ಇಲಾಖೆಗೆ ದೂರು. ಕಲಬೆರಕೆ ಅನುಮಾನಕ್ಕೆ ಫಿಲ್ಟರ್ ಪೇಪರ್ ಕೇಳಿ. ನಾಝಲ್ ತುದಿ ಒರೆಸಿ ಒಂದು ಹನಿ ಬಿಡಿಸಿ. ಎರಡು ನಿಮಿಷದಲ್ಲಿ ಹಾರಿಹೋಗಿ ಕಲೆ ಉಳೀಬಾರದು. ತೆಳು ಗುಲಾಬಿ ಉಳಿದ್ರೆ ಅದು ಬಣ್ಣ, ಹೆದರಬೇಡಿ. ಎಣ್ಣೆ ಜಿಡ್ಡಿನ ಹಾಗೆ ಉಳಿದ್ರೆ ಮಾತ್ರ ಪೆಟ್ರೋಲ್ ಹಾಕಿಸದೆ ಗಾಡಿ ಸ್ಟಾರ್ಟ್ ಮಾಡ್ಕೊಂಡು ಹೊರಡಿ. ಸಾಂದ್ರತೆನೂ ಅಷ್ಟೇ, ಬರೆದು ಹಾಕಿರ್ತಾರೆ. ಟ್ಯಾಂಕರ್ ಜೊತೆ ಬಂದ ಚೀಟಿಯ ಅಂಕಿಗೂ ಅದಕ್ಕೂ ಘನ ಮೀಟರಿಗೆ ಮೂರು ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಎಲ್ಲಕ್ಕಿಂತ ದೊಡ್ಡದು ನೀರು. ಹಳೇ ಕಾಲದ ಪೆಟ್ರೋಲಿಗೆ ನೀರು ಸೇರಿದ್ರೆ ಅದು ಸುಮ್ಮನೆ ತಳದಲ್ಲಿ ಕೂರ್ತಿತ್ತು. ಎಥೆನಾಲ್ ನೀರನ್ನ ಕುಡಿಯುತ್ತೆ. ಒಂದು ಮಿತಿ ದಾಟಿದ್ರೆ ನೀರೂ ಎಥೆನಾಲೂ ಕೈ ಹಿಡ್ಕೊಂಡು ಪೆಟ್ರೋಲ್ ಬಿಟ್ಟು ಕೆಳಗಿಳಿಯುತ್ತೆ, ಬಂಕಿನ ಪಂಪು ಎಳೆಯೋದು ತಳದಿಂದಲೇ. ಜೋರು ಮಳೆ ಬಂದ ಮಾರನೇ ದಿನ ನೆಲಮಟ್ಟದಲ್ಲಿ ನೀರು ನಿಲ್ಲೋ ಬಂಕಿಗೆ ನಾನಂತೂ ಹೋಗಲ್ಲ.

ಲೆಕ್ಕದ ಅಕ್ಕ

ಹೌದು! ಎರಡು ಮಳೆಗಾಲದ ಹಿಂದೆ ನನ್ನ ಸ್ಕೂಟರ್ ಬಂಕಿಂದ ಮುನ್ನೂರು ಮೀಟರ್ ದಾಟಲಿಲ್ಲ. ಬಾಟಲಿಗೆ ತೆಗೆದು ನೋಡಿದ್ರೆ ಎರಡು ಪದರ, ಅಡಿಯಲ್ಲಿ ಮಜ್ಜಿಗೆ ನೀರಿನ ಹಾಗೆ. ಅವತ್ತು ಹಾಕಿಸಿದ್ದು ಪ್ರೀಮಿಯಂ. ನನ್ನ ಪ್ರೀಮಿಯಂ ಮೂರು ತಿಂಗಳು ಅಲ್ಲಿಗೇ ಮುಗೀತು ಅಂತ ಬೇರೆ ಹೇಳಬೇಕಾಗಿಲ್ಲ.

ಬಂಕಿನ ಒಳಗಿದ್ದವ

ಅದಕ್ಕೂ ಕಾರಣ ಇರುತ್ತೆ ಅಕ್ಕ. ಸಣ್ಣ ಬಂಕಲ್ಲಿ ಮಾಮೂಲಿ ಟ್ಯಾಂಕು ಎರಡು ಮೂರು ದಿನಕ್ಕೆ ಖಾಲಿಯಾಗಿ ಹೊಸದು ಬರುತ್ತೆ. ಪ್ರೀಮಿಯಂ ತಗೊಳೋರು ಕಮ್ಮಿ, ಅದು ವಾರಗಟ್ಟಲೆ ಕೂತಿರುತ್ತೆ. ಅದನ್ನ ಖಾಲಿ ಮಾಡಿಸೋಕೇ ಹುಡುಗರಿಗೆ ‘ಕೇಳು ಕೇಳು’ ಅಂತ ಹೇಳಿರ್ತಾರೆ. ನಾನೂ ಹೇಳ್ತಿದ್ದೆ. ಮೇಷ್ಟ್ರು ಆ ಹುಡುಗನ ಮೇಲೆ ಬೇಜಾರು ಮಾಡ್ಕೋಬಾರದು.

ಮತ್ತೆ, ಈ ಕಂಪನಿ ಪೆಟ್ರೋಲ್ ಒಳ್ಳೇದು, ಆ ಕಂಪನಿದು ಕೆಟ್ಟದು ಅನ್ನೋದೂ ಅಷ್ಟು ಸುಲಭ ಅಲ್ಲ. ಮಂಗಳೂರಿಂದ ಹಾಸನದ ಮೇಲೆ ಬೆಂಗಳೂರು ಕಡೆಗೆ ಪೈಪ್‌ಲೈನ್ ಇದೆ. ಕಂಪನಿಗಳು ಒಬ್ಬರಿಂದೊಬ್ಬರು ಸರಕು ತಗೊಳೋದು ಮಾಮೂಲು. ಎಥೆನಾಲ್ ಬೆರೆಸೋದು ಡಿಪೋದಲ್ಲಿ. ಬೋರ್ಡಿನ ಬಣ್ಣ ನೋಡಬೇಡಿ, ಬಂಕ್ ನಡೆಸೋನನ್ನ ನೋಡಿ.

ಟರ್ಬೊ ತಮ್ಮ

ನಾನು ಮಾತ್ರ ಬಿಡಲ್ಲಪ್ಪ. ಇಂಜೆಕ್ಟರ್ ಸ್ವಚ್ಛ ಇರಲಿ ಅಂತ ಮೂರಕ್ಕೆ ಒಂದು ಸಲ ಹಾಕಿಸ್ತೀನಿ. ಹೈವೇ ಮೇಲಿನ ದೊಡ್ಡ ಬಂಕಲ್ಲಿ, ಜನ ಜಾಸ್ತಿ ಬರೋ ಕಡೆ.

ಹೆಬ್ಬಾಳ ಗ್ಯಾರೇಜ್

ಜನ ಜಾಸ್ತಿ ಬರೋ ಬಂಕು ಅನ್ನೋದು ಸರಿಯಾದ ಮಾತು.

ಕಬ್ಬಿನ ಗದ್ದೆ

ಯಾವ್ದಾರ ಹಾಕ್ಸ್ಕಳಿ, ಇಪ್ಪತ್ತು ಪರ್ಸೆಂಟ್ ನಮ್ ರೈತರ್ದೇ.

ಕುವೆಂಪುನಗರದ ಮೇಷ್ಟ್ರು

ಮೂರು ವಾರ ಆದ್ಮೇಲೆ ಬರೀತಿದೀನಿ. ಟೈರಿಗೆ ಗಾಳಿ ಹಿಡಿಸಿದೆ. ನಾಲ್ಕರಲ್ಲಿ ಮೂರು ಇಳಿದಿದ್ವು, ಗ್ಯಾರೇಜಿನವರು ನಗೋದು ಬೇಡ. ಎಕ್ಸ್‌ಪ್ರೆಸ್‌ವೇ ಮೇಲೆ ನೂರರ ಬದಲು ಎಂಬತ್ತು. ಮಂಡ್ಯಕ್ಕೆ ಐದಾರು ನಿಮಿಷ ತಡ ಆಗುತ್ತೆ, ಮೊದಲ ಪೀರಿಯಡ್‌ಗೆ ಹುಡುಗರೂ ಅಷ್ಟೇ ತಡವಾಗಿ ಬರೋದ್ರಿಂದ ಯಾರಿಗೂ ಗೊತ್ತಾಗಿಲ್ಲ. ಮಾಮೂಲಿ ಪೆಟ್ರೋಲಲ್ಲೇ 17ಕ್ಕೆ ಒಂಚೂರು ಮೇಲೆ ಬಂತು, ಎರಡು ಟ್ಯಾಂಕ್ ಲೆಕ್ಕ.

ಇವತ್ತು ಬಂಕಿಗೆ ಹೋದೆ. ಹುಡುಗ ಎಂದಿನ ಹಾಗೆ ‘ಪ್ರೀಮಿಯಂ ಹಾಕ್ಲಾ ಸಾರ್?’ ಅಂದ. ‘ಅದಿರಲಿ, ಫಿಲ್ಟರ್ ಪೇಪರ್ ಇದೆಯಾ?’ ಅಂದೆ. ತಲೆ ಕೆರ್ಕೊಂಡು ಒಳಗೆ ಹೋದ, ಡ್ರಾಯರ್ ತಳದಿಂದ ಒಂದು ಪೊಟ್ಟಣ ತಂದ, ಸೀಲೇ ಒಡೆದಿರಲಿಲ್ಲ. ಹನಿ ಬಿಟ್ವಿ. ಇಬ್ಬರೂ ಬಗ್ಗಿ ನೋಡ್ತಾ ನಿಂತ್ವಿ, ಹಿಂದಿನ ಆಟೋದವರು ಹಾರ್ನ್ ಹೊಡೀತಾನೇ ಇದ್ರು. ಹನಿ ಹಾರಿಹೋಯ್ತು, ಕಲೆ ಇಲ್ಲ.

ಹುಡುಗ ಆ ಕಾಗದ ಎತ್ತಿ ಬಿಸಿಲಿಗೆ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: ‘ಸಾರ್, ಪ್ರೀಮಿಯಂದೂ ಒಂದು ಹನಿ ಬಿಟ್ಟು ನೋಡೋಣ್ವಾ?’

ಮದ್ದೂರು ವಡೆ

ಆ ಹನಿಗೆ ಎಷ್ಟು ಬಿಲ್ ಹಾಕ್ದ?